ಬ್ಯಾಸೆಟ್ ಹೌಂಡ್ ಮಕ್ಕಳಿರುವ ಮನೆಗೆ ತಕ್ಕ ನಾಯಿಯೇ?

ನೆಲವನ್ನು ಸೋಕುವಂತೆ ಜೋಲುವ ಕಿವಿಗಳು, ಗಿಡ್ಡ ಕಾಲುಗಳ ಮೇಲೆ ನಿಂತ ನೀಳವಾದ ದೇಹ, ಲೋಕದ ದುಃಖವನ್ನೆಲ್ಲ ತುಂಬಿಕೊಂಡಂತೆ ತೋರುವ ಕಣ್ಣುಗಳು: ಇದು ಬ್ಯಾಸೆಟ್ ಹೌಂಡ್ ಎಂಬ ನಾಯಿಯ ರೂಪ. ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಇದನ್ನು ಮಕ್ಕಳ ಒಡನಾಡಿಯೆಂದು ಬಹುಕಾಲದಿಂದ ಮೆಚ್ಚುತ್ತ ಬಂದಿದ್ದಾರೆ. ಈ ಮೆಚ್ಚುಗೆ ಎಷ್ಟರಮಟ್ಟಿಗೆ ಯುಕ್ತವಾದುದು? ಪ್ರಾಣಿಯೊಂದರ ಯೋಗ್ಯತೆಯನ್ನು ಅದರ ಮುಖ ನೋಡಿ ತೀರ್ಮಾನಿಸದೆ, ಅದರ ಚರಿತ್ರೆಯನ್ನೂ ಅಂಗರಚನೆಯನ್ನೂ ಪರಿಶೀಲಿಸಿ ತೀರ್ಮಾನಿಸುವುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಉಚಿತವಾದ ಮಾರ್ಗ. ನಾವು ಆ ಮಾರ್ಗವನ್ನೇ ಹಿಡಿಯೋಣ.

ಫ್ರೆಂಚ್ ಭಾಷೆಯಲ್ಲಿ 'ಬಾ' ಎಂದರೆ ತಗ್ಗಾದುದು. ಬ್ಯಾಸೆಟ್ ಎಂಬ ಹೆಸರು ಅದರಿಂದಲೇ ಬಂದಿದೆ. ಫ್ರಾನ್ಸಿನಲ್ಲಿ ರೂಪುಗೊಂಡ ಈ ಜಾತಿಯ ನಾಯಿಗಳನ್ನು ಸರ್ ಎವರೆಟ್ ಮಿಲೇ ಎಂಬಾತನು 1874ರಲ್ಲಿ ಇಂಗ್ಲೆಂಡಿಗೆ ತರಿಸಿ, ಅಲ್ಲಿ ಈ ತಳಿಯನ್ನು ಬೆಳೆಸಿದನು. ನಮ್ಮ ಮುಧೋಳದ ನಾಯಿ ಕಣ್ಣಿನಿಂದ ಬೇಟೆಯನ್ನು ಗುರುತಿಸಿ ವೇಗದಿಂದ ಹಿಡಿಯುವಂಥದು. ಬ್ಯಾಸೆಟ್‌ನ ರೀತಿ ಬೇರೆ. ಅದು ಮೊಲದ ವಾಸನೆಯ ಜಾಡನ್ನು ಹಿಡಿದು ನಿಧಾನವಾಗಿ ಸಾಗುತ್ತದೆ. ಬೇಟೆಗಾರನು ನಡೆದುಕೊಂಡೇ ಅದನ್ನು ಹಿಂಬಾಲಿಸಬಹುದು. ಅದರ ಘ್ರಾಣಶಕ್ತಿಯನ್ನು ಮೀರಿಸುವ ನಾಯಿಗಳು ಬಲು ವಿರಳ.

ಇಂತಹ ನಾಯಿಗಳು ಹಿಂಡಿನಲ್ಲಿ ಕೂಡಿ ಬಾಳಬೇಕಾಗಿತ್ತು. ಜಗಳಗಂಟಿಯಾದ ನಾಯಿಗೆ ಹಿಂಡಿನಲ್ಲಿ ಸ್ಥಳವಿಲ್ಲ. ಆದುದರಿಂದ ಸೌಮ್ಯ ಸ್ವಭಾವದವುಗಳನ್ನೇ ತಲೆಮಾರುಗಳ ಕಾಲ ಆರಿಸಿ ಬೆಳೆಸಲಾಯಿತು. ಮಕ್ಕಳ ಗದ್ದಲವನ್ನು ಬ್ಯಾಸೆಟ್ ಸಾಮಾನ್ಯವಾಗಿ ಸಹಿಸಿಕೊಳ್ಳುವುದಕ್ಕೆ ಈ ಆಯ್ಕೆಯೂ ಒಂದು ಕಾರಣ. ಇಷ್ಟರಮಟ್ಟಿಗೆ ಜನರ ಮೆಚ್ಚುಗೆ ಸರಿಯಾದುದೇ.

ಆದರೆ ಅದೇ ಆಯ್ಕೆ ಈ ಪ್ರಾಣಿಯ ದೇಹಕ್ಕೆ ಮಾಡಿದ್ದೇನು? ಗಿಡ್ಡ ಕಾಲಿನ ನಾಯಿಗಳಲ್ಲಿ ಬೆಳವಣಿಗೆಗೆ ಸಂಬಂಧಿಸಿದ ಒಂದು ಜೀನಿನ ಅಧಿಕ ಪ್ರತಿ ಇರುವುದನ್ನು ಅಮೆರಿಕದ ಸಂಶೋಧಕರು 2009ರಲ್ಲಿ ಪ್ರಕಟಿಸಿದರು. ಇದರಿಂದ ಕಾಲಿನ ಎಲುಬುಗಳು ಉದ್ದವಾಗುವುದು ಬೇಗನೆ ನಿಂತುಹೋಗುತ್ತದೆ. ಅದೇ ಜೀನಿನ ಮತ್ತೊಂದು ಅಧಿಕ ಪ್ರತಿಗೂ ಬೆನ್ನೆಲುಬಿನ ನಡುವಣ ಮೆತ್ತೆಗಳು ಅಕಾಲದಲ್ಲಿ ಗಡಸಾಗಿ ಕೆಡುವುದಕ್ಕೂ ಸಂಬಂಧವಿರುವುದು 2017ರಲ್ಲಿ ತಿಳಿದುಬಂತು. ಕೆಟ್ಟ ಮೆತ್ತೆ ಜಾರಿ ನರಹುರಿಯನ್ನು ಒತ್ತಿದರೆ ನಾಯಿಯ ಹಿಂಗಾಲುಗಳು ಸ್ವಾಧೀನ ತಪ್ಪಬಹುದು. ಬ್ಯಾಸೆಟ್‌ನ ಎತ್ತರ 33ರಿಂದ 38 ಸೆಂಟಿಮೀಟರು ಮಾತ್ರ. ತೂಕವಾದರೋ 20ರಿಂದ 30 ಕಿಲೋಗ್ರಾಂ. ಇಷ್ಟು ಭಾರವನ್ನು ಹೊತ್ತ ನೀಳ ಬೆನ್ನಿನ ಮೇಲೆ ಮಗುವೊಂದು ಕುದುರೆಯಾಟಕ್ಕೆಂದು ಏರಿ ಕುಳಿತರೆ ಆಗಬಹುದಾದ ಅನಾಹುತವನ್ನು ಓದುಗರೇ ಊಹಿಸಬಲ್ಲರು.

ಇತರ ಅಂಗಗಳ ಸ್ಥಿತಿಯೂ ಹೀಗೆಯೇ. ಜೋಲುವ ಕಿವಿಯೊಳಗೆ ಗಾಳಿಯಾಡದೆ ತೇವ ನಿಂತು ಸೋಂಕು ತಗಲುತ್ತದೆ. ಕೆಳರೆಪ್ಪೆ ಸಡಿಲವಾಗಿ ಹೊರಕ್ಕೆ ಮಡಿಚಿಕೊಳ್ಳುವುದರಿಂದ ಕಣ್ಣು ಕೆಂಪಾಗಿ ನೋಯುತ್ತದೆ. ನಾವು ದುಃಖದ ನೋಟವೆಂದು ಮೆಚ್ಚುವುದು ಎಷ್ಟೋ ಸಲ ಒಂದು ವ್ಯಾಧಿಯ ಚಿಹ್ನೆ. 2009ರಲ್ಲಿ ಬ್ರಿಟನ್ನಿನ ಕೆನೆಲ್ ಕ್ಲಬ್ ತಳಿಲಕ್ಷಣಗಳ ನಿಯಮಗಳನ್ನು ಪರಿಷ್ಕರಿಸಿ, ಅಂಗಗಳ ಅತಿರೇಕವನ್ನು ಪ್ರೋತ್ಸಾಹಿಸಬಾರದೆಂದು ವಿಧಿಸಬೇಕಾಯಿತು.

ಈ ನಾಯಿಯ ಸಹನೆಯೇ ಅದಕ್ಕೆ ಶತ್ರುವಾಗುವುದೂ ಉಂಟು. ಕಿವಿ ಎಳೆದರೂ ಸುಮ್ಮನಿರುತ್ತದೆಂದು ತಿಳಿದ ಮಗು ಮತ್ತೆ ಮತ್ತೆ ಎಳೆಯುತ್ತದೆ. ಸೋಂಕು ತಗಲಿದ ಕಿವಿಯನ್ನು ಎಳೆದಾಗ ಎಂತಹ ಸಾಧು ನಾಯಿಯಾದರೂ ಕಚ್ಚಬಹುದು. ನಾಯಿ ಮುಖ ತಿರುಗಿಸುವುದು, ಎದ್ದು ಹೋಗುವುದು, ಗುರುಗುಟ್ಟುವುದು ಇವೆಲ್ಲ ಎಚ್ಚರಿಕೆಯ ಮಾತುಗಳು. ಗುರುಗುಟ್ಟಿದ್ದಕ್ಕೆ ನಾಯಿಯನ್ನು ಹೊಡೆಯುವುದು ತಪ್ಪು. ಏಟು ತಿಂದ ನಾಯಿ ಎಚ್ಚರಿಕೆ ಕೊಡುವುದನ್ನು ಬಿಡಬಹುದು, ಆದರೆ ಅದರ ನೋವು ಕಡಮೆಯಾಗುವುದಿಲ್ಲ. ಎಳೆಯ ಮಕ್ಕಳನ್ನು ಯಾವ ನಾಯಿಯೊಡನೆಯೂ ಒಂಟಿಯಾಗಿ ಬಿಡಲಾಗದು.

ಮನೆಯವರು ತಿಳಿದಿರಬೇಕಾದ ಬೇರೆ ಸಂಗತಿಗಳೂ ಇವೆ. ವಾಸನೆಯ ಜಾಡು ದೊರೆತ ಬ್ಯಾಸೆಟ್ ಕರೆದರೆ ಬರುವುದಿಲ್ಲ; ಆದುದರಿಂದ ಬೀದಿಯಲ್ಲಿ ಹಗ್ಗ ಬಿಚ್ಚಬಾರದು. ಅದರ ಕೂಗು ಗಂಭೀರವಾಗಿ ಬಹುದೂರ ಕೇಳಿಸುತ್ತದೆ. ನೆರೆಹೊರೆಯವರು ಅದನ್ನು ಸಂಗೀತವೆಂದು ಭಾವಿಸುವರೆಂಬ ಭರವಸೆಯಿಲ್ಲ. ಊಟದಲ್ಲಿ ಅದಕ್ಕೆ ಅತ್ಯಾಸೆ. ಮಕ್ಕಳು ಪ್ರೀತಿಯಿಂದ ಹಾಕುವ ಒಂದೊಂದು ತುತ್ತೂ ಕೊನೆಗೆ ಬೆನ್ನೆಲುಬಿಗೇ ಹೊರೆಯಾಗುತ್ತದೆ. ಅದರ ಆಯುಷ್ಯ ಸುಮಾರು 10ರಿಂದ 12 ವರ್ಷ. ಎಂಟನೆಯ ವಯಸ್ಸಿನಲ್ಲಿ ನಾಯಿಮರಿಗಾಗಿ ಹಟ ಹಿಡಿದ ಬಾಲಕನು ಕಾಲೇಜು ಸೇರುವಾಗ ನಾಯಿ ಮುದಿಯಾಗಿರುತ್ತದೆ. ಆಗ ಅದರ ಕಿವಿ ತೊಳೆಯುವವರು ಯಾರು?

ಹಾಗಾದರೆ ನಮ್ಮ ತೀರ್ಪೇನು? ಸ್ವಭಾವದ ದೃಷ್ಟಿಯಿಂದ ಬ್ಯಾಸೆಟ್ ಹೌಂಡ್ ಮಕ್ಕಳಿಗೆ ಒಳ್ಳೆಯ ಸಂಗಾತಿಯೇ ಸರಿ. ಆದರೆ ಅದು ಎಲ್ಲ ಮನೆಗಳಿಗೂ ಒಪ್ಪುವ ನಾಯಿಯಲ್ಲ. ಮಕ್ಕಳು ಸ್ವಲ್ಪ ದೊಡ್ಡವರಾಗಿದ್ದು ಹೇಳಿದ ಮಾತು ಕೇಳುವಂತಿದ್ದರೆ, ನಿತ್ಯ ಕಿವಿ ಕಣ್ಣುಗಳನ್ನು ನೋಡಿ ಶುಚಿಯಾಗಿಡುವ, ನಾಯಿಯನ್ನು ನಡೆದಾಡಿಸುವ ಹಿರಿಯರು ಮನೆಯಲ್ಲಿದ್ದರೆ, ಅತಿರೇಕವಿಲ್ಲದ ಅಂಗಸೌಷ್ಠವದ ಮರಿಯನ್ನು ಆರಿಸುವ ವಿವೇಕವಿದ್ದರೆ ಮಾತ್ರ ಅದನ್ನು ತರಬಹುದು. ಆ ದೇಹವನ್ನು ಹಾಗೆ ತಿದ್ದಿದವರು ಮನುಷ್ಯರೇ. ಆದುದರಿಂದ ಅದರ ನೋವನ್ನು ಕಾಯುವ ಹೊಣೆಯೂ ಮನುಷ್ಯರದೇ. ಈ ಹೊಣೆಯನ್ನು ಹೊರಲಾರದ ಮನೆಯವರು ನಾಯಿಯ ಚಿತ್ರವನ್ನು ನೋಡಿ ಸಂತೋಷಪಡುವುದು ಮೇಲೆಂದು ನಾವು ಭಾವಿಸುತ್ತೇವೆ.