ನಟ್ಟಿನ ಬಿಗಿತಕ್ಕೂ ಒಂದು ತಕ್ಕಡಿ ಬೇಕು

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ತಾಲೂಕುಗಳ ಹಳ್ಳಿಗಳಲ್ಲಿ ಇಂದು ಚಕ್ಕಡಿ ಇಲ್ಲದ ಮನೆಗಳು ಬೇಕಾದಷ್ಟಿವೆ, ಮೋಟಾರ್ ಸೈಕಲ್ ಇಲ್ಲದ ಮನೆ ಹುಡುಕಬೇಕು. ಬೀಜೋತ್ಪಾದನೆಯ ಹೊಲಕ್ಕೆ ಬೆಳಗಿನ ಜಾವ ಆಳುಗಳನ್ನು ಕರೆದೊಯ್ಯುವುದು ಅದೇ, ಬ್ಯಾಡಗಿ ಪೇಟೆಗೆ ಮೆಣಸಿನಕಾಯಿಯ ಮಾದರಿ ಚೀಲ ಒಯ್ಯುವುದೂ ಅದೇ. ಎಣ್ಣೆ ಬದಲಿಸುವುದು, ಚೈನು ಬಿಗಿಮಾಡುವುದು ಮೊದಲಾದ ಸಣ್ಣ ಕೆಲಸಗಳನ್ನು ಮನೆಯಲ್ಲೇ ಮಾಡಿಕೊಳ್ಳುವ ರೈತರು ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಆದರೆ ಈ ಕೆಲಸಕ್ಕೆ ಬೇಕಾದ ಒಂದು ಸಾಧನವನ್ನು ಮಾತ್ರ ನಾವು ಕೊಳ್ಳುತ್ತಿಲ್ಲ. ಅದೇ ಟಾರ್ಕ್ ಪಾನಾ, ಅಂದರೆ ನಟ್ಟು ಎಷ್ಟು ಬಿಗಿಯಾಯಿತೆಂದು ಅಳೆದು ತೋರಿಸುವ ಪಾನಾ.

‘ಇಷ್ಟು ವರ್ಷ ಕೈ ಅಂದಾಜಿನಲ್ಲೇ ನಡೆದಿದೆ, ಈಗೇಕೆ?’ ಎಂದು ಹಿರಿಯರು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಮೈಸೂರಿನ ಕಾರ್ಖಾನೆಯಿಂದ 1961ರಿಂದ ಜಾವಾ, ಆಮೇಲೆ ಯೆಜ್ಡಿ ಗಾಡಿಗಳು ಬರುತ್ತಿದ್ದವು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅವು ಪೆಟ್ರೋಲಿಗೇ ಎಣ್ಣೆ ಬೆರೆಸಿ ಓಡಿಸುವ ಗಾಡಿಗಳು. ಕೆಳಗಿನ ಬೋಲ್ಟ್ ಬಿಚ್ಚುವ ಪ್ರಸಂಗ ಗೇರಿನ ಎಣ್ಣೆ ಬದಲಿಸುವಾಗ ಮಾತ್ರ, ಅದೂ ಅಪರೂಪಕ್ಕೆ. 1985ರಲ್ಲಿ ಹೀರೋ ಹೋಂಡಾ ಸಿ.ಡಿ. 100 ಬಂದ ಮೇಲೆ ನಾಲ್ಕು ಸ್ಟ್ರೋಕಿನ ಗಾಡಿಗಳ ಕಾಲ ಬಂತು. ಇವುಗಳ ಇಂಜಿನ್ನಿನ ಎಣ್ಣೆಯನ್ನು ಕೆಲವೇ ಸಾವಿರ ಕಿಲೋಮೀಟರಿಗೊಮ್ಮೆ ಇಳಿಸಲೇಬೇಕು. ಅಂದರೆ ಅದೇ ಬೋಲ್ಟು ಗಾಡಿಯ ಆಯುಷ್ಯದಲ್ಲಿ ಹತ್ತಾರು ಸಲ ಬಿಚ್ಚಿ ಹಾಕುವ ಬೋಲ್ಟು. ಬೋಲ್ಟು ಉಕ್ಕಿನದು, ಅದು ಕೂರುವ ಇಂಜಿನ್ನಿನ ತಳ ಅಲ್ಯೂಮಿನಿಯಂ. ಪ್ರತಿ ಸಲವೂ ‘ಇನ್ನೊಂದು ಸ್ವಲ್ಪ’ ಎಂದು ಬಿಗಿದರೆ ಸೋಲುವುದು ಅಲ್ಯೂಮಿನಿಯಮ್ಮೇ. ಥ್ರೆಡ್ ಕಿತ್ತು ಬಂದರೆ ಹೊಸ ಥ್ರೆಡ್ ಕೂಡಿಸಬೇಕು, ಇಲ್ಲವೇ ಇಂಜಿನ್ನನ್ನೇ ಬಿಚ್ಚಿ ತಳ ಬದಲಿಸಬೇಕು. ಆ ಖರ್ಚಿನ ಮುಂದೆ ಪಾನಾದ ಬೆಲೆ ಏನೇನೂ ಅಲ್ಲ.

ಲೆಕ್ಕ ಕಷ್ಟದ್ದಲ್ಲ. ಎಳೆಯುವ ಭಾರವನ್ನು ಪಾನಾದ ಉದ್ದದಿಂದ ಗುಣಿಸಿದರೆ ಬಿಗಿತ ಸಿಗುತ್ತದೆ. ಸಣ್ಣ ಗಾಡಿಗಳ ಎಣ್ಣೆ ಬೋಲ್ಟಿಗೆ ಸಾಮಾನ್ಯವಾಗಿ 20ರಿಂದ 30 ನ್ಯೂಟನ್ ಮೀಟರ್ ಸಾಕು. ಹತ್ತು ನ್ಯೂಟನ್ ಮೀಟರ್ ಎಂದರೆ ಸುಮಾರು ಒಂದು ಕಿಲೋಗ್ರಾಂ ಮೀಟರ್. ಪಾನಾಕ್ಕೆ ಒಂದೂವರೆ ಅಡಿ ಪೈಪು ತೂರಿಸಿ, ತುದಿಯಲ್ಲಿ 40 ಕಿಲೋ ಭಾರ ಬೀಳುವಂತೆ ಎಳೆದರೆ ಬಿಗಿತ 18 ಕಿಲೋಗ್ರಾಂ ಮೀಟರ್ ಆಗುತ್ತದೆ. ಅಂದರೆ ಬೇಕಾದದ್ದರ ಆರೇಳು ಪಟ್ಟು! ಇನ್ನು ಹಿಂಗಾಲಿಯ ಅಚ್ಚಿನ ನಟ್ಟಿನ ಕಥೆ ಬೇರೆ. ಅದಕ್ಕೆ 50ರ ಆಸುಪಾಸಿನ ಬಿಗಿತ ಬೇಕು. ಚೈನು ಬಿಗಿಮಾಡಿದಾಗಲೆಲ್ಲ ಅದನ್ನು ಸಡಿಲಿಸಿ ಮತ್ತೆ ಕೂರಿಸಬೇಕು. ಇಲ್ಲಿ ಅಂದಾಜು ಕಡಿಮೆ ಬಿದ್ದರೆ, ಹಿಂದೆ ಚೀಲ ಹೇರಿಕೊಂಡು ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಯಲ್ಲಿ ಗಾಲಿ ಅಲುಗಾಡತೊಡಗಿದರೆ ಹೊಣೆ ಯಾರದು? ನಿಮ್ಮ ಗಾಡಿಯ ಖಚಿತ ಅಂಕಿಗಳನ್ನು ಸರ್ವಿಸ್ ಪುಸ್ತಕದಿಂದ ಬರೆದುಕೊಂಡು ಗೋಡೆಗೆ ಅಂಟಿಸಿಡಿ.

ಮೆಣಸಿನಕಾಯಿಯನ್ನು ಹಿಚುಕಿ ನೋಡಿ ತೇವ ಹೇಳುವ ಕೈಗಳು ನಮ್ಮಲ್ಲಿವೆ, ನಿಜ. ಆದರೆ ಅದೇ ಮೆಣಸಿನಕಾಯಿ ಮಾರುವಾಗ ತೂಕವನ್ನು ಕೈಯಂದಾಜಿಗೆ ಬಿಡುತ್ತೇವೆಯೇ? ತಕ್ಕಡಿಯೇ ಬೇಕು.

ಯಾವುದನ್ನು ಕೊಳ್ಳಬೇಕು? ಎರಡು ಬಗೆಗಳಿವೆ. ಮುಳ್ಳು ಅಳತೆಪಟ್ಟಿಯ ಮೇಲೆ ಸರಿಯುವುದು ಒಂದು. ಇದರಲ್ಲಿ ಕೆಡುವಂಥದ್ದು ಬಹಳವಿಲ್ಲ. ಬಳಸದಾಗ ಮುಳ್ಳು ಸೊನ್ನೆಗೆ ನಿಂತಿದ್ದರೆ ಸಾಕು. ಅಂಕಿ ಹೊಂದಿಸಿಟ್ಟರೆ ಅಷ್ಟಕ್ಕೆ ‘ಟಕ್’ ಎನ್ನುವುದು ಇನ್ನೊಂದು. ಅಂಗಡಿಗಳಲ್ಲಿ ಎರಡನೆಯದೇ ಹೆಚ್ಚು; ಮನೆಗೆ ಮೊದಲನೆಯದೇ ಲೇಸೆಂದು ನನ್ನ ಅಭಿಪ್ರಾಯ, ಸಿಕ್ಕರೆ. ಯಾವುದೇ ಇರಲಿ, 10ರಿಂದ 60ರವರೆಗಿನ ಅಳತೆಯದು ಒಂದು ಗಾಡಿಯ ಮನೆಗೆ ಸಾಕು. 200ರವರೆಗಿನ ದೊಡ್ಡದನ್ನು ‘ಟ್ರ್ಯಾಕ್ಟರಿಗೂ ಆಯಿತು’ ಎಂದು ತಂದರೆ ಎಣ್ಣೆ ಬೋಲ್ಟಿಗೆ ಅದು ಪ್ರಯೋಜನವಿಲ್ಲ, ಏಕೆಂದರೆ ಇಂಥ ಪಾನಾಗಳು ಅಳತೆಯ ಕೆಳಗಿನ ಐದನೆಯ ಒಂದು ಭಾಗದಲ್ಲಿ ನಂಬಿಕೆಗೆ ಅರ್ಹವಲ್ಲ. ಇದೇ ಕಾರಣಕ್ಕೆ ಇಂಜಿನ್ ಮುಚ್ಚಳದ ಸಣ್ಣ ಬೋಲ್ಟುಗಳಿಗೆ 60ರ ಪಾನಾವೂ ಬೇಡ. ಗಿಡ್ಡ ಪಾನಾ ಹಿಡಿದು ಎರಡು ಬೆರಳಿನಲ್ಲಿ ಬಿಗಿದರೆ ಆಯಿತು.

ಕೊಂಡದ್ದು ಸಾಚಾ ಹೌದೋ ಅಲ್ಲವೋ ಎಂದು ಮನೆಯಲ್ಲೇ ನೋಡಬಹುದು. ಪಾನಾದ ಚೌಕ ತುದಿಯನ್ನು ವೈಸಿನಲ್ಲಿ ಕಚ್ಚಿಸಿ, ಹಿಡಿಕೆ ನೆಲಕ್ಕೆ ಸಮನಾಗಿರುವಂತೆ ನಿಲ್ಲಿಸಿ. ತುದಿಯ ನಡುವಿನಿಂದ ಹಿಡಿಕೆಯ ನಡುವಿನವರೆಗೆ 30 ಸೆಂಟಿಮೀಟರ್ ಇದ್ದರೆ ಅಲ್ಲಿ 8 ಕಿಲೋ ಮುದ್ರೆಯ ತೂಕದಕಲ್ಲು ತೂಗುಹಾಕಿ. 24ರ ಹತ್ತಿರ ‘ಟಕ್’ ಎನ್ನಬೇಕು, ಇಲ್ಲವೇ ಮುಳ್ಳು ಅಲ್ಲಿ ನಿಲ್ಲಬೇಕು. ಹಿಡಿಕೆಯದೇ ಭಾರದಿಂದ ಸ್ವಲ್ಪ ಹೆಚ್ಚು ಕಡಿಮೆ ಆದೀತು.

ಹಣದ ಅಡಚಣೆ ಇದ್ದವರು ಈ ವರ್ಷ ಕೊಳ್ಳದಿದ್ದರೂ ಚಿಂತೆಯಿಲ್ಲ. ಸಾದಾ ಪಾನಾದಲ್ಲಿ ನಟ್ಟಿನ ನಡುವಿನಿಂದ 20 ಸೆಂಟಿಮೀಟರ್ ದೂರಕ್ಕೆ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಪಾನಾಕ್ಕೆ ನೇರ ಅಡ್ಡವಾಗಿ ನಿಧಾನ ಎಳೆಯಿರಿ. 12 ಕಿಲೋ ತೋರಿದಾಗ 24 ಆಯಿತು. ಇದಕ್ಕಿಂತ ಅಗ್ಗದ ಟಾರ್ಕ್ ಪಾನಾ ಇಲ್ಲ!

ಮತ್ತೂ ಒಂದು ದಾರಿ ಇದೆ. ವರ್ಷದಲ್ಲಿ ನಾಲ್ಕಾರು ಸಲ ಬೇಕಾಗುವ ಸಾಧನಕ್ಕೆ ಮನೆಗೊಂದು ಏಕೆ? ಐದಾರು ಮನೆಯವರು ಕೂಡಿ ಒಂದನ್ನು ಕೊಂಡು ವಾಚನಾಲಯದಲ್ಲೋ ಹಾಲಿನ ಸಂಘದಲ್ಲೋ ಇಡಬಹುದು. ಕರಾರು ಮೂರೇ ಇರಲಿ: ನಟ್ಟು ಬಿಚ್ಚಲು ಅದನ್ನು ಬಳಸಕೂಡದು, ಎತ್ತರದಿಂದ ಬೀಳಿಸಕೂಡದು, ‘ಟಕ್’ ಎನ್ನುವ ಬಗೆಯದಾದರೆ ಅಂಕಿಯನ್ನು ತಳಕ್ಕೆ ಇಳಿಸಿಯೇ ಪೆಟ್ಟಿಗೆಯಲ್ಲಿಡಬೇಕು. ಬೀಳಿಸಿದವರು ಹೇಳಿಬಿಟ್ಟರೆ 8 ಕಿಲೋ ಕಲ್ಲಿನ ಪರೀಕ್ಷೆ ಮತ್ತೊಮ್ಮೆ ಮಾಡಿದರಾಯಿತು.