ಗಾಯ ಮಾಯಬೇಕಾದರೆ ಸಕ್ಕರೆ ಇಳಿಯಬೇಕು

ಗೋಕಾಕ ಫಾಲ್ಸ್, ಘಟಪ್ರಭಾ, ಹುಕ್ಕೇರಿ ಕಡೆಯ ಎಷ್ಟೋ ರೋಗಿಗಳು ದೊಡ್ಡ ಶಸ್ತ್ರಚಿಕಿತ್ಸೆಗೆಂದು ಬೆಳಗಾವಿಗೋ ಮಿರಜಕ್ಕೋ ಹೋಗುತ್ತಾರೆ. ಕೆಲವೇ ದಿನಗಳಲ್ಲಿ ಮನೆಗೆ ಮರಳುತ್ತಾರೆ. ಗಾಯ ಮಾಯುವುದು ಮನೆಯಲ್ಲಿ. ಮಧುಮೇಹಿಗಳಿಗೆ ಎಡವಟ್ಟಾಗುವುದೂ ಹೆಚ್ಚಾಗಿ ಅಲ್ಲಿಯೇ.

'ಡಾಕ್ಟರ ಕೈಗುಣ ಸರಿಯಿಲ್ಲ' ಎಂದು ದೂರುವ ಮೊದಲು ಕಾರಣ ತಿಳಿಯಿರಿ. ರಕ್ತದಲ್ಲಿ ಸಕ್ಕರೆ ಏರಿದಾಗ ರೋಗಾಣುಗಳೊಡನೆ ಹೋರಾಡುವ ಬಿಳಿ ರಕ್ತಕಣಗಳು ಮಂಕಾಗುತ್ತವೆ. ಸಣ್ಣ ರಕ್ತನಾಳಗಳು ಕೆಟ್ಟಿದ್ದರೆ ಗಾಯಕ್ಕೆ ಆಮ್ಲಜನಕ ಸಾಲದು. ಹೊಲಿಗೆ ಬಿಚ್ಚಿಕೊಳ್ಳಬಹುದು, ಕೀವು ತುಂಬಬಹುದು. ಪಾದದ ಗಾಯವಾದರೆ ಕಾಲನ್ನೇ ಕಳೆದುಕೊಳ್ಳುವ ಪ್ರಸಂಗವೂ ಬಂದೀತು. ಮೂತ್ರಪಿಂಡದ ಕಾಯಿಲೆ, ರಕ್ತಹೀನತೆ ಇರುವವರಿಗೂ, ಬಹುಕಾಲ ಸ್ಟಿರಾಯ್ಡ್ ನುಂಗುವವರಿಗೂ ಗಾಯ ಬೇಗ ಮಾಯದು.

ಆದ್ದರಿಂದ ತುರ್ತಲ್ಲದ ಶಸ್ತ್ರಚಿಕಿತ್ಸೆಯ ದಿನವನ್ನು ಕಬ್ಬಿನ ಕಟಾವು, ಮದುವೆ, ಅಮಾವಾಸ್ಯೆ ನೋಡಿ ಗೊತ್ತುಮಾಡಬೇಡಿ. ಸಕ್ಕರೆ ನೋಡಿ ಗೊತ್ತುಮಾಡಿ. ಸುಮಾರು ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಸಾಧ್ಯವಾದಷ್ಟೂ ಶೇ 8ಕ್ಕಿಂತ ಕೆಳಗಿರಲಿ. ಬೀಡಿ, ಸಿಗರೇಟನ್ನು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಿ. ನುಂಗುವ ಮಾತ್ರೆಗಳನ್ನೆಲ್ಲ ವೈದ್ಯರಿಗೆ ತೋರಿಸಿ. ಸಕ್ಕರೆಯ ಕೆಲವು ಮಾತ್ರೆಗಳನ್ನು ಮೂರ್ನಾಲ್ಕು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಸ್ಟಿರಾಯ್ಡನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ; ಅದು ಪ್ರಾಣಕ್ಕೇ ಅಪಾಯ.

ಇನ್ನು ನಂಜಿನ ಮಾತು. ಬೇಳೆ, ಮೊಟ್ಟೆ ತಿಂದರೆ ಗಾಯ ನಂಜಾಗುತ್ತದೆಂದು ಬರೀ ಗಂಜಿ ಕುಡಿಸುವ ಮನೆಗಳುಂಟು. ಗಾಯ ಕೂಡಲು ಬೇಕಾದದ್ದು ಪ್ರೋಟೀನು. ಬರೀ ಅನ್ನದ ಗಂಜಿಯಲ್ಲಿ ಅದು ಕಡಿಮೆ, ಸಕ್ಕರೆ ಏರುವುದೇ ಹೆಚ್ಚು. ಮೂತ್ರಪಿಂಡದ ತೊಂದರೆ ಇಲ್ಲದವರು ಬೇಳೆ, ಮೊಳಕೆ ಕಾಳು, ಮೊಟ್ಟೆ, ಮೊಸರು ತಿನ್ನಲಿ. ರೋಗಿಯನ್ನು ನೋಡಲು ಬರುವವರು ಕರದಂಟು ತರುವುದು ಬೇಡ. ಅದರಲ್ಲಿ ಅಂಟು, ಗೋಡಂಬಿಯ ಜೊತೆಗೆ ಬೆಲ್ಲವೂ ಇದೆ. ಅರಿಶಿನ, ಎಣ್ಣೆ, ಬೂದಿ ಗಾಯದ ಹತ್ತಿರ ಸುಳಿಯದಿರಲಿ.

ನರಗಳು ಮಂಕಾದ ಮಧುಮೇಹಿಗೆ ನೋವೇ ತಿಳಿಯದಿರಬಹುದು. ಡ್ರೆಸಿಂಗ್ ಬಿಚ್ಚಲು ವೈದ್ಯರು ಹೇಳಿದ ಮೇಲೆ ಮನೆಯವರು ದಿನವೂ ಗಾಯವನ್ನು ಕಣ್ಣಾರೆ ನೋಡಬೇಕು. ಕೆಂಪು ಹರಡುವುದು, ಬಾವು, ಕೀವು, ದುರ್ವಾಸನೆ, ಜ್ವರ, ಇದ್ದಕ್ಕಿದ್ದಂತೆ ಏರುವ ಸಕ್ಕರೆ, ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಹೊರಡಿ.

ಆಸ್ಪತ್ರೆಗಳಿಗೂ ಒಂದು ಮಾತು. ಇಂಗ್ಲಿಷಿನ ಡಿಸ್ಚಾರ್ಜ್ ಕಾರ್ಡ್ ಕೈಗಿಟ್ಟರೆ ಸಾಲದು. ಏನು ತಿನ್ನಬೇಕು, ಯಾವಾಗ ಓಡಿಬರಬೇಕು ಎಂಬುದನ್ನು ಕನ್ನಡದಲ್ಲಿ ಬರೆದುಕೊಡಿ. ಗಾಯ ತೋರಿಸಲೆಂದು ಕೂಲಿ ಬಿಟ್ಟು ಪದೇ ಪದೇ ದೂರದೂರಿಗೆ ಬರಲು ಬಡವರಿಗೆ ಆಗದು. ಹತ್ತಿರದ ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ಒಂದು ಚೀಟಿ ಬರೆದರೆ ಒಬ್ಬರ ಕಾಲು ಉಳಿದೀತು.