ಹೀಥ್ರೂ ನಿಲ್ದಾಣದಿಂದ ಬ್ರಿಟಿಷ್ ಮ್ಯೂಸಿಯಂವರೆಗೆ: ಗಾಲಿಕುರ್ಚಿಯ ಪ್ರವಾಸಿಗರ ಪರವಾಗಿ ಒಂದು ಮನವಿ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಸಾರಿಗೆ ಸಮಿತಿ, ಲಂಡನ್ ಅಸೆಂಬ್ಲಿ

ಇವರಿಂದ,
ಲಂಡನ್ನಿನಲ್ಲಿ ನೆಲೆಸಿರುವ ಕನ್ನಡಿಗರು ಹಾಗೂ ಕರ್ನಾಟಕದಿಂದ ಅವರ ಮನೆಗಳಿಗೆ ಬಂದುಹೋಗುವ, ಗಾಲಿಕುರ್ಚಿ ಬಳಸುವ ಬಂಧುಗಳು

ವಿಷಯ: ಗಾಲಿಕುರ್ಚಿಯಲ್ಲಿ ಲಂಡನ್ ನೋಡಲು ಬರುವವರ ಪ್ರಯಾಣದ ತೊಡಕುಗಳ ಪರಿಹಾರ ಕೋರಿ.

ಮಾನ್ಯರೇ,

ಈ ಮನವಿಯನ್ನು ಮೊದಲು ಕನ್ನಡದಲ್ಲೇ ಬರೆದು, ಇಂಗ್ಲಿಷ್ ಪ್ರತಿಯನ್ನು ಜೊತೆಗೆ ಲಗತ್ತಿಸಿದ್ದೇವೆ. ಸಹಿ ಹಾಕಿದವರಲ್ಲಿ ಹಲವರು ಮಕ್ಕಳ ಮನೆಗೆಂದು ಊರಿನಿಂದ ಬಂದಿರುವ ಹಿರಿಯರು. ತಾವು ಓದಿ ನೋಡದ ಕಾಗದಕ್ಕೆ ಅವರು ಸಹಿ ಹಾಕುವುದಿಲ್ಲ. ರೈಲು ಬಸ್ಸುಗಳನ್ನು ನಡೆಸುವುದು ತಮ್ಮ ಸಮಿತಿಯ ಕೆಲಸವಲ್ಲವೆಂದು ಬಲ್ಲೆವು. ಆದರೆ ಮೇಯರ್ ಅವರನ್ನೂ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ಸಂಸ್ಥೆಯನ್ನೂ ಕರೆದು ಪ್ರಶ್ನಿಸುವ ಅಧಿಕಾರ ತಮಗಿದೆ.

ದೂರುವ ಮೊದಲು ಋಣ ಹೇಳಬೇಕು. ಈ ಊರಿನ ಕೆಂಪು ಬಸ್ಸುಗಳ ನೆಲ ತಗ್ಗಾಗಿದೆ, ನಡುಬಾಗಿಲಲ್ಲಿ ರ‍್ಯಾಂಪ್ ಇದೆ, ಗಾಲಿಕುರ್ಚಿಯವರಿಗೆ ಟಿಕೆಟ್ಟೇ ಇಲ್ಲ. 2000ನೇ ಇಸವಿಯಿಂದ ಕಪ್ಪು ಟ್ಯಾಕ್ಸಿಗಳೆಲ್ಲ ಗಾಲಿಕುರ್ಚಿ ಹತ್ತುವಂತೆಯೇ ಇವೆ. ಅದಕ್ಕೆಂದು ಹೆಚ್ಚು ಬಾಡಿಗೆ ಕೇಳಿದರೆ ಅಪರಾಧ. 2022ರಲ್ಲಿ ತೆರೆದ ಎಲಿಜಬೆತ್ ಮಾರ್ಗದ 41 ನಿಲ್ದಾಣಗಳಲ್ಲೂ ರಸ್ತೆಯಿಂದ ಪ್ಲಾಟ್‌ಫಾರಂವರೆಗೆ ಮೆಟ್ಟಿಲಿಲ್ಲದ ದಾರಿಯಿದೆ. ಬೆಂಗಳೂರಿನ ಫುಟ್‌ಪಾತಿನ ಮೇಲೆ ಗಾಲಿಕುರ್ಚಿ ತಳ್ಳಿದ ಯಾರೂ ಇದನ್ನು ಹಗುರವಾಗಿ ಕಾಣಲಾರರು. ನಮ್ಮ ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್ ಇದೆಯೆಂದು ಇಲ್ಲಿ ಜಂಬ ಕೊಚ್ಚುವುದೂ ಸಲ್ಲ: ಅದು ಶುರುವಾದದ್ದು 2011ರಲ್ಲಿ, ತಮ್ಮ ಸುರಂಗ ರೈಲು 1863ರಲ್ಲಿ. ಹಳೆಯ ನೆಲವನ್ನು ಮತ್ತೆ ಅಗೆಯುವ ಕಷ್ಟ ನಮಗೆ ಅರ್ಥವಾಗುತ್ತದೆ. ಹಾಗಾಗಿ ಅಗೆಯದೆಯೇ ಸರಿಪಡಿಸಬಹುದಾದದ್ದನ್ನೇ ಇಲ್ಲಿ ಹೆಚ್ಚಾಗಿ ಕೇಳುತ್ತಿದ್ದೇವೆ.

ಪರ ಊರಿನವರ ತೊಂದರೆ ವಿಮಾನ ನಿಲ್ದಾಣದಲ್ಲೇ ಶುರು. ಹೀಥ್ರೂನಲ್ಲಿ ಪಿಕಡಿಲಿ ಮಾರ್ಗದ ರೈಲಿನವರೆಗೆ ಲಿಫ್ಟಿನಲ್ಲೇ ಇಳಿಯಬಹುದು. ಆದರೆ ಮುಂದೆ ಬರುವ ಸೌತ್ ಕೆನ್ಸಿಂಗ್ಟನ್, ಪಿಕಡಿಲಿ ಸರ್ಕಸ್, ಲೆಸ್ಟರ್ ಸ್ಕ್ವೇರ್, ಕವೆಂಟ್ ಗಾರ್ಡನ್, ಹೋಬರ್ನ್ ಈ ಯಾವ ನಿಲ್ದಾಣದಲ್ಲೂ ಮೆಟ್ಟಿಲಿಲ್ಲದೆ ಮೇಲೆ ಬರುವಂತಿಲ್ಲ. ಪ್ರವಾಸಿ ಹುಡುಕಿಕೊಂಡು ಹೋಗುವ ವಸ್ತುಸಂಗ್ರಹಾಲಯಗಳು, ನಾಟಕಶಾಲೆಗಳು, ಅಂಗಡಿಬೀದಿಗಳು ಇರುವುದು ಈ ಹೆಸರುಗಳ ಸುತ್ತಲೇ. ಗ್ರೀನ್ ಪಾರ್ಕ್‌ನಲ್ಲೋ ಕಿಂಗ್ಸ್ ಕ್ರಾಸ್‌ನಲ್ಲೋ ಇಳಿದು ಬಸ್ಸು ಹಿಡಿಯಬೇಕೆಂಬುದು ಇಲ್ಲೇ ಇರುವವರಿಗೆ ಗೊತ್ತು. ಆ ಬೆಳಿಗ್ಗೆಯಷ್ಟೇ ವಿಮಾನದಿಂದ ಇಳಿದವರಿಗೆ ಹೇಗೆ ಗೊತ್ತಾಗಬೇಕು?

ಬ್ರಿಟಿಷ್ ಮ್ಯೂಸಿಯಂ ನೋಡಬೇಕಾದರೆ ಸರಿಯಾದ ದಾರಿ ಇಲ್ಲದಿಲ್ಲ. ಹೀಥ್ರೂನಿಂದ ಎಲಿಜಬೆತ್ ಮಾರ್ಗದಲ್ಲಿ ಟಾಟನ್‌ಹ್ಯಾಮ್ ಕೋರ್ಟ್ ರೋಡ್‌ಗೆ ಬಂದರೆ ಲಿಫ್ಟಿನಲ್ಲಿ ಮೇಲೆ ಬಂದು, ಅಲ್ಲಿಂದ ಸ್ವಲ್ಪವೇ ದೂರ. ಆದರೆ ಹೀಥ್ರೂನಿಂದ ಎಲಿಜಬೆತ್ ಮಾರ್ಗದ ದರ ಪಿಕಡಿಲಿ ಮಾರ್ಗದ ದರದ ಎರಡು ಪಟ್ಟಿಗೂ ಮೇಲೆ. ಮೆಟ್ಟಿಲು ಹತ್ತಬಲ್ಲವರಿಗೆ ಅಗ್ಗದ ರೈಲು, ಹತ್ತಲಾರದವರಿಗೆ ದುಬಾರಿ ರೈಲು. ಬೇಕೆಂದೇ ಯಾರೂ ಹೀಗೆ ಮಾಡಿರಲಾರರು, ಆದರೂ ಆಗಿರುವುದು ಇದೇ. ಮೆಟ್ಟಿಲಿನ ಕಾರಣಕ್ಕೆ ಪಿಕಡಿಲಿ ಮಾರ್ಗ ಬಿಡಬೇಕಾಗಿ ಬಂದ ಗಾಲಿಕುರ್ಚಿಯ ಪ್ರಯಾಣಿಕರಿಗೂ ಅವರ ಜೊತೆಗಾರರೊಬ್ಬರಿಗೂ ಹೀಥ್ರೂನಿಂದ ಪಿಕಡಿಲಿ ದರವನ್ನೇ ವಿಧಿಸಬೇಕು. ಇದು ನಮ್ಮ ಮೊದಲ ಮತ್ತು ಮುಖ್ಯ ಬೇಡಿಕೆ. ಇದರ ಜೊತೆಗೆ, ಪಿಕಡಿಲಿ ಮಾರ್ಗದಲ್ಲಿ ಮೆಟ್ಟಿಲಿಲ್ಲದೆ ಹೊರಬರಬಹುದಾದ ನಿಲ್ದಾಣಗಳು ಯಾವುವೆಂದು ರೈಲು ಹೀಥ್ರೂ ಬಿಡುವ ಮೊದಲೇ ಧ್ವನಿವರ್ಧಕದಲ್ಲಿ ಸಾರಬೇಕು. ಸೌತ್ ಕೆನ್ಸಿಂಗ್ಟನ್ ಮತ್ತು ಹೋಬರ್ನ್‌ಗೆ ಲಿಫ್ಟ್ ಯಾವಾಗ ಬರುತ್ತದೆ ಎಂಬುದಕ್ಕೆ ಇಸವಿ ಹಾಕಿದ ಉತ್ತರವನ್ನು ತಾವು ಪಡೆದುಕೊಡಬೇಕು.

ನಕ್ಷೆಯ ವಿಚಾರ. ಸುರಂಗ ರೈಲಿನ 272 ನಿಲ್ದಾಣಗಳಲ್ಲಿ ಸುಮಾರು ಮೂರನೇ ಒಂದು ಪಾಲಿಗೆ ಮಾತ್ರ ಗಾಲಿಕುರ್ಚಿಯ ಗುರುತಿದೆ, ಅದರಲ್ಲೂ ಎರಡು ಬಗೆ. ನೀಲಿ ಗುರುತಾದರೆ ರಸ್ತೆಯಿಂದ ರೈಲಿನೊಳಗಿನವರೆಗೂ ಅಡ್ಡಿಯಿಲ್ಲ. ಬಿಳಿ ಗುರುತಾದರೆ ಪ್ಲಾಟ್‌ಫಾರಂವರೆಗೆ ಮಾತ್ರ. ಅಲ್ಲಿಂದಾಚೆ ಬಾಗಿಲಿನ ಹೊಸ್ತಿಲು ಎತ್ತರವೋ ತಗ್ಗೋ, ಸಂದು ಎಷ್ಟಗಲವೋ, ಈ ಗುರುತು ಹೇಳುವುದಿಲ್ಲ. ಕನ್ನಡಕದ ಕಣ್ಣಿಗೆ ಈ ಬಣ್ಣದ ವ್ಯತ್ಯಾಸ ಸುಲಭವಾಗಿ ಕಾಣುವುದಿಲ್ಲ. ಆಕಾರದಲ್ಲೇ ಬೇರೆಯಾದ ಗುರುತು ಬೇಕು. ಬಿಳಿ ಗುರುತಿನ ಪ್ರತಿ ನಿಲ್ದಾಣದಲ್ಲೂ, ಮುಂಚಿತವಾಗಿ ಹೇಳಿಕೊಳ್ಳುವ ಅಗತ್ಯವಿಲ್ಲದೆ, ಕೈಯಿಂದ ಹಾಕುವ ರ‍್ಯಾಂಪ್ ಮತ್ತು ಅದನ್ನು ಹಾಕಲು ಒಬ್ಬ ಸಿಬ್ಬಂದಿ ಇರಬೇಕು.

ಲಿಫ್ಟ್ ಕೆಡುತ್ತದೆ, ಯಂತ್ರವಲ್ಲವೇ. ಆದರೆ ಸಿಬ್ಬಂದಿ ಇಲ್ಲವೆಂದು ಸುಸ್ಥಿತಿಯ ಲಿಫ್ಟನ್ನೇ ಮುಚ್ಚುವುದನ್ನು ಒಪ್ಪಲಾಗದು. ಯಾವ ಕಾರಣಕ್ಕೇ ನಿಂತಿರಲಿ, ಅಲ್ಲಿ ಸಿಕ್ಕಿಬಿದ್ದವರಿಗೆ ಸರ್ಕಾರಿ ಖರ್ಚಿನಲ್ಲಿ ಟ್ಯಾಕ್ಸಿ ಒದಗಿಸಬೇಕು. ಹಾಗೆ ಒದಗಿಸುವ ರೂಢಿ ಇದ್ದಲ್ಲಿಯೂ, ಅದನ್ನು ಕೇಳುವ ಹಕ್ಕಿದೆಯೆಂದು ಲಿಫ್ಟಿನ ಗುಂಡಿಯ ಪಕ್ಕದಲ್ಲೇ ಬರೆದು ಅಂಟಿಸಬೇಕು.

ಬಸ್ಸಿನಲ್ಲಿ ತೊಡಕು ಬೇರೆ ತೆರನದು. ಗಾಲಿಕುರ್ಚಿಗಿರುವುದು ಸಾಮಾನ್ಯವಾಗಿ ಒಂದೇ ಜಾಗ. ಅಲ್ಲಿ ಮಗುವಿನ ತಳ್ಳುಗಾಡಿ ನಿಂತಿರುತ್ತದೆ. ಯಾರ್ಕ್‌ಷೈರಿನ ಪ್ರಯಾಣಿಕರೊಬ್ಬರ ಪ್ರಕರಣದಲ್ಲಿ ಈ ದೇಶದ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ: ಜಾಗ ಬಿಡಿ ಎಂದು ಚಾಲಕ ಒಮ್ಮೆ ಕೇಳಿ ಸುಮ್ಮನಾದರೆ ಸಾಲದು, ಇನ್ನೂ ಒತ್ತಾಯಿಸುವುದು ಸೂಕ್ತವೇ ಎಂದು ಯೋಚಿಸಬೇಕು, ಬಸ್ಸನ್ನು ಕೊಂಚ ಹೊತ್ತು ನಿಲ್ಲಿಸಿಯಾದರೂ ಸರಿ. ನಮ್ಮ ಹಿರಿಯರ ಸ್ವಭಾವವೇ ಬೇರೆ. “ಪಾಪ, ಕೂಸು ಮಲಗಿದೆ, ಬಿಡಪ್ಪ, ಮುಂದಿನ ಬಸ್ಸಿಗೆ ಹೋದರಾಯಿತು” ಎನ್ನುತ್ತಾರೆ. ಅವರ ಸಂಕೋಚವನ್ನು ಒಪ್ಪಿಗೆಯೆಂದು ತಿಳಿಯಬಾರದು. ಆ ಜಾಗ ಮೊದಲು ಯಾರದೆಂದು ತಾವಾಗಿಯೇ ಹೇಳುವ ಹೊಣೆ ಚಾಲಕರದಾಗಬೇಕು.

ಚಿಕ್ಕ ಬೇಡಿಕೆಗಳು ಎರಡಿವೆ. ಅಂಗವಿಕಲರ ಶೌಚಾಲಯಗಳಿಗೆ ಎಷ್ಟೋ ಕಡೆ ಬೀಗ ಹಾಕಿರುತ್ತಾರೆ. ರಾಡಾರ್ ಕೀ ಎಂಬ ಒಂದೇ ಬೀಗದ ಕೈ ಅವುಗಳಲ್ಲಿ ಹೆಚ್ಚಿನವನ್ನು ತೆರೆಯುತ್ತದೆ. ಹೊರಗಿನಿಂದ ಬಂದವರು ಅದರ ಹೆಸರನ್ನೇ ಕೇಳಿರುವುದಿಲ್ಲ. ಹೀಥ್ರೂನಲ್ಲೂ ದೊಡ್ಡ ರೈಲು ನಿಲ್ದಾಣಗಳಲ್ಲೂ ಅದು ಸಿಗುವಂತಾಗಬೇಕು, ಠೇವಣಿ ಇಟ್ಟು ಹೋಗುವಾಗ ಮರಳಿಸುವಂತಾದರೆ ಇನ್ನೂ ಒಳ್ಳೆಯದು. ಜೊತೆಗಾರರಿಗೆ ರಿಯಾಯಿತಿ ಕೊಡುವ ಕಡೆಗಳಲ್ಲಿ ಭಾರತ ಸರ್ಕಾರ ಅಂಗವಿಕಲರಿಗೆ ಕೊಡುವ ಯುಡಿಐಡಿ ಕಾರ್ಡನ್ನು ಪುರಾವೆಯಾಗಿ ಒಪ್ಪುವಂತೆ ಮೇಯರ್ ಕಚೇರಿಯಿಂದ ಸೂಚನೆ ಹೋಗಲಿ.

ಇನ್ನು ಫುಟ್‌ಪಾತ್. ಇಲ್ಲಿಗೆ ಬಂದ ಕನ್ನಡಿಗರು ತಪ್ಪದೆ ನೋಡಬಯಸುವ ಬಸವೇಶ್ವರರ ಪುತ್ಥಳಿ 2015ರ ನವೆಂಬರಿನಿಂದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ಥೇಮ್ಸ್ ದಂಡೆಯ ಮೇಲಿದೆ. ವಾಕ್ಸ್‌ಹಾಲ್ ನಿಲ್ದಾಣದಲ್ಲಿ ಲಿಫ್ಟ್ ಇರುವುದರಿಂದ ಅಲ್ಲಿಂದ ಹೊರಡುವುದೇ ವಾಸಿ. ಆದರೆ ಬಾಡಿಗೆಯ ಬ್ಯಾಟರಿ ಸೈಕಲ್ಲುಗಳನ್ನು ಜನ ಬೇಕಾದಲ್ಲಿ ಬಿಟ್ಟುಹೋಗುವುದು ಈಗ ಲಂಡನ್ನಿನ ಎಲ್ಲೆಡೆಯ ಪಿಡುಗು. ಅಡ್ಡ ಬಿದ್ದ ಒಂದು ಸೈಕಲ್ ಸಾಕು, ಗಾಲಿಕುರ್ಚಿ ವಾಹನಗಳ ನಡುವೆ ರಸ್ತೆಗಿಳಿಯಬೇಕು. ಗೊತ್ತುಪಡಿಸಿದ ಜಾಗದಲ್ಲಿ ನಿಲ್ಲಿಸದಿದ್ದರೆ ಬಾಡಿಗೆ ಲೆಕ್ಕ ಮುಗಿಯದಂತೆ ಕಂಪನಿಗಳನ್ನು ಕಟ್ಟುಪಾಡಿಗೆ ಒಳಪಡಿಸಬೇಕು.

ಈ ಬೇಡಿಕೆಗಳ ಮೇಲೆ ಸಮಿತಿಯ ಬಹಿರಂಗ ಸಭೆಯಲ್ಲಿ ನಮ್ಮ ಅಹವಾಲು ಕೇಳಬೇಕೆಂದು ಕೋರುತ್ತೇವೆ. ಸಿಟಿ ಹಾಲ್‌ಗೆ ಬರಲು ಡಿಎಲ್‌ಆರ್ ರೈಲಿದೆ, ಅದರ ನಿಲ್ದಾಣಗಳಿಗೆಲ್ಲ ಮೆಟ್ಟಿಲಿಲ್ಲದ ದಾರಿಯಿದೆ. ಬರುವುದು ನಮಗೆ ಕಷ್ಟವಲ್ಲ. ಸಭೆಗೆ ಮುನ್ನ ಸದಸ್ಯರಲ್ಲಿ ಒಬ್ಬಿಬ್ಬರಾದರೂ ನಮ್ಮವರ ಜೊತೆ ಹೀಥ್ರೂನಿಂದ ಪಿಕಡಿಲಿ ಮಾರ್ಗದಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಹೊರಡಬೇಕು. ಒಂದು ವಾರ ಮೊದಲು ತಿಳಿಸಿದರೆ ನಾವು ಸಿದ್ಧರಿರುತ್ತೇವೆ.



ತಮ್ಮ ವಿಶ್ವಾಸಿಗಳು,
(ಸಹಿದಾರರ ಪಟ್ಟಿ ಲಗತ್ತಿಸಿದೆ)
ಸ್ಥಳ: ಲಂಡನ್